‘ಜಯ’ ಅಂತ ಪ್ರಾರ್ಥಿಸಬೇಕಿತ್ತಾ, ‘ಸಮಾಧಾನ’ ಅಂತಾನಾ?

ಬೆತ್ತದ ಬುಟ್ಟಿ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮದು ಸಿ.ಎಸ್.ಐ. ಸಭೆ, ಅಂದರೆ ಪ್ರೊಟೆಸ್ಟೆಂಟ್ ಚರ್ಚು. ಊರು ಹೇಳುವುದಿಲ್ಲ. ಹೇಳಿದರೆ ಅರ್ಧ ಗಂಟೆಯಲ್ಲಿ ನಾನು ಯಾರ ಮನೆಯವಳು ಅಂತ ಗೊತ್ತಾಗಿಬಿಡುತ್ತದೆ. 2025ರ ಮೇ 11, ಭಾನುವಾರ, ಆರಾಧನೆಯಲ್ಲಿ ವಿಜ್ಞಾಪನೆ ಪ್ರಾರ್ಥನೆ (ಸಭೆಯ ಪರವಾಗಿ ಬೇರೆಯವರಿಗಾಗಿ ಬೇಡುವುದು) ಓದುವ ಸರದಿ ನನ್ನದಿತ್ತು. ಪಹಲ್ಗಾಮ್‌ನಲ್ಲಿ 26 ಜನ ಸತ್ತು ಮೂರು ವಾರವೂ ಆಗಿರಲಿಲ್ಲ. ಶುಕ್ರವಾರ ರಾತ್ರಿ ಟೀವಿಯಲ್ಲಿ ಬರೀ ಡ್ರೋನು, ಸೈರನ್ನು. ಸೌಂಡ್ ಆಫ್ ಮಾಡಿ ಅಡುಗೆಮನೆಯಲ್ಲಿ ಕೂತು ಬರೆದೆ. ಸತ್ತವರ ಮನೆಯವರಿಗಾಗಿ ಒಂದು ಸಾಲು. ಸೈನಿಕರು ಕ್ಷೇಮವಾಗಿ ಮರಳಲಿ ಅಂತ ಒಂದು. ಕೊನೆಗೆ, ‘ಗಡಿಯ ಎರಡೂ ಕಡೆ ಮನೆ ಬಿಟ್ಟು ಓಡಿದವರಿಗಾಗಿ, ಸಮಾಧಾನಕ್ಕಾಗಿ ಬೇಡಿಕೊಳ್ಳೋಣ’ ಅಂತ.

ಭಾನುವಾರ ಬೆಳಿಗ್ಗೆ ನಮ್ಮ ಸಭಾಹಿರಿಯರೊಬ್ಬರು ಕಾಗದ ಇಸಕೊಂಡು ಓದಿದರು. ಜೇಬಿನಿಂದ ಪೆನ್ನು ತೆಗೆದರು. ‘ಎರಡೂ ಕಡೆ’ ಹೊಡೆದುಹಾಕಿದರು. ‘ಸಮಾಧಾನಕ್ಕಾಗಿ’ ಮೇಲೆ ಗೀಟು ಎಳೆದು ‘ಜಯಕ್ಕಾಗಿ’ ಅಂತ ಬರೆದರು. ಬೈಯಲಿಲ್ಲ. "ಈಗ ಇದೇ ಸರಿ ಮಗಾ" ಅಂದರು, ಅಷ್ಟೇ. ತಮಾಷೆ ಅಂದರೆ ಹಿಂದಿನ ಸಂಜೆಯೇ ಕದನ ವಿರಾಮ ಆಗಿಹೋಗಿತ್ತು.

ನಾನು ‘ಜಯಕ್ಕಾಗಿ’ ಅಂತಲೇ ಓದಿದೆ. ಅವರು ಮೊದಲನೇ ಬೆಂಚಿನಲ್ಲೇ ಕೂತಿದ್ದರು. ಎಲ್ಲರೂ ಆಮೆನ್ ಅಂದರು. ಯಾವತ್ತಿಗಿಂತ ಜೋರಾಗಿಯೇ ಅಂದರು ಅನಿಸಿತು.

ಆ ಕಾಗದ ಇನ್ನೂ ನನ್ನ ಬೈಬಲಿನೊಳಗೆ ಇದೆ. ನಾನು ಯುದ್ಧಕ್ಕೆ ಹೆದರಿ ಬರೆದದ್ದಲ್ಲ. ಚಿಕ್ಕಪ್ಪನ ಮಗ ಬಿ.ಎಸ್.ಎಫ್.ನಲ್ಲಿದ್ದಾನೆ, ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಆದರೂ ಕೇಳಬೇಕು ಅನಿಸುತ್ತಿದೆ. ದೇಶ ಯುದ್ಧದಲ್ಲಿರುವಾಗ ಸಭೆ ಏನು ಹೇಳಬೇಕು? ಬೇರೆ ಕಡೆ ಏನು ಮಾಡಿದ್ದಾರೆ?

ಸುಮ್ನೆ ಓದುಗ:
ನಾನು ಕ್ರೈಸ್ತ ಅಲ್ಲ, ಆದರೂ ಒಂದು ಮಾತು. ನಿಮ್ಮ ಹಿರಿಯರದ್ದು ತಪ್ಪೇನು? ನಮ್ಮ ದೇವಸ್ಥಾನದಲ್ಲೂ ಆ ವಾರ ಸೈನಿಕರ ಹೆಸರಲ್ಲಿ ಅರ್ಚನೆ ಆಯಿತು. ಗೆಲ್ಲಬೇಡಿ ಅಂತ ಯಾರು ಬೇಡಿಕೊಳ್ಳುತ್ತಾರೆ?

ಬೆತ್ತದ ಬುಟ್ಟಿ:
ಗೆಲ್ಲಬೇಡಿ ಅಂತ ನಾನು ಬರೆದಿರಲಿಲ್ಲ ಸರ್.

ರೈನ್ ದಂಡೆ:
ಅಕ್ಕ, ಬಾಸೆಲ್‌ನಲ್ಲಿ ಕೂತು ನಿಮ್ಮ ಬರಹ ಓದಿದೆ. ಇದೇ ಎರಡು ಪದಗಳ ಮೇಲೆ ಮಾಸ್ಕೋದಲ್ಲಿ ಒಬ್ಬ ಪಾದ್ರಿಯ ಪಾದ್ರಿಗಿರಿಯೇ ಹೋಗಿದೆ ಅಂದರೆ ನಂಬುತ್ತೀರಾ?

2022ರ ಸೆಪ್ಟೆಂಬರಿನಲ್ಲಿ, ಉಕ್ರೇನ್ ಯುದ್ಧದ ನಡುವೆ, ರಷ್ಯಾದ ಆರ್ಥಡಾಕ್ಸ್ ಸಭೆಯ ಮುಖ್ಯಸ್ಥ ಕಿರಿಲ್, ಎಲ್ಲ ಚರ್ಚುಗಳಲ್ಲೂ ಓದಲೇಬೇಕು ಅಂತ ಒಂದು ಪ್ರಾರ್ಥನೆ ಕಳಿಸಿದರು. ಅದರಲ್ಲಿ ದೇವರೇ ನಮಗೆ ಜಯ ಕೊಡು ಅನ್ನುವ ಮಾತು ಇದೆ. ಇಯೋನ್ ಕೋವಲ್ ಅನ್ನುವ ಪಾದ್ರಿ ಅದನ್ನು ಓದುವಾಗ ‘ಜಯ’ ಇದ್ದಲ್ಲಿ ‘ಶಾಂತಿ’ ಅಂತ ಓದಿದರು. ಒಂದೇ ಪದ. ದೂರು ಹೋಯಿತು, ಸಭೆಯ ನ್ಯಾಯಾಲಯ ಕೂತಿತು, 2023ರಲ್ಲಿ ಅವರನ್ನು ಪದವಿಯಿಂದ ತೆಗೆದುಹಾಕಿದರು. ಆಮೇಲೆ ಇನ್ನೊಂದು ಆರ್ಥಡಾಕ್ಸ್ ಸಭೆಯ ಮುಖ್ಯಸ್ಥರಾದ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಅವರಿಗೆ ಪದವಿ ವಾಪಸ್ ಕೊಟ್ಟರು. ಅಲೆಕ್ಸಿ ಉಮಿನ್ಸ್ಕಿ ಅಂತ ಇನ್ನೊಬ್ಬರು ಆ ಪ್ರಾರ್ಥನೆ ಓದಲೇ ಇಲ್ಲ. 2024ರ ಜನವರಿಯಲ್ಲಿ ಅವರದ್ದೂ ಹೋಯಿತು.

ಯುದ್ಧ ಶುರುವಾದ ಹೊಸದರಲ್ಲಿ ಸುಮಾರು 300 ರಷ್ಯನ್ ಪಾದ್ರಿಗಳು ಕದನ ನಿಲ್ಲಿಸಿ ಅಂತ ಪತ್ರಕ್ಕೆ ಸಹಿ ಹಾಕಿದ್ದರು. ಹತ್ತಾರು ಸಾವಿರ ಪಾದ್ರಿಗಳಿರುವ ಸಭೆಯಲ್ಲಿ 300. ಕಿರಿಲ್ ಮಾತ್ರ, ಕರ್ತವ್ಯದಲ್ಲಿ ಸತ್ತ ಸೈನಿಕನ ಪಾಪ ಎಲ್ಲ ತೊಳೆದುಹೋಗುತ್ತದೆ ಅಂತ ಪ್ರಸಂಗ ಮಾಡಿದರು.

ಹೀಗಾಗಿ ನಿಮ್ಮ ಹಿರಿಯರ ಪೆನ್ನು ಸಣ್ಣ ವಿಷಯ ಅಂತ ನನಗನಿಸುವುದಿಲ್ಲ.

ಘಟ್ಟದ ಕೆಳಗಿನವ:
ಪದದ ಮಾತು ಬಂದಿತಲ್ಲ, ಒಂದು ಪಕ್ಕದ ಮಾತು. ನಾವು ಕಥೋಲಿಕರು ಪೂಜೆಯಲ್ಲಿ ‘ಶಾಂತಿ’ ಅನ್ನುತ್ತೇವೆ, ನೀವು ಪ್ರೊಟೆಸ್ಟೆಂಟರು ‘ಸಮಾಧಾನ’ ಅನ್ನುತ್ತೀರಿ. ನನಗೆ ನಿಮ್ಮದೇ ಇಷ್ಟ. ಶಾಂತಿ ಅಂದರೆ ಗಲಾಟೆ ಇಲ್ಲ ಅಂತಷ್ಟೇ ಕೇಳಿಸುತ್ತದೆ. ಸಮಾಧಾನವನ್ನು ‘ಮಾಡಬೇಕು’. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ, ಜಗಳ ಆದವರ ಮನೆಗೆ ಹೋಗಿ ಸಮಾಧಾನ ಮಾಡುತ್ತೇವೆ. ಯಾರಾದರೂ ಎದ್ದು ಹೋಗಬೇಕು, ಬೈಸಿಕೊಳ್ಳಬೇಕು. ‘ಸಮಾಧಾನ ಪಡಿಸುವವರು ಧನ್ಯರು’ ಅನ್ನುವಾಗ ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. ಆಸ್ತಿ ಜಗಳದಲ್ಲಿ ಎರಡೂ ಮನೆಯವರ ಬಾಯಿಗೆ ಬಿದ್ದಿದ್ದರು.

ಜೆಪ್ಪು ಹೆಂಚು:
ಬಾಸೆಲ್ ಅಂದಿರಲ್ಲ, ನಾನು ಸುಮ್ಮನಿರಲು ಆಗುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಹಳೇ ಮನೆಯ ಮಾಡು ಇಳಿಸಿದೆವು. ಹೆಂಚು ಒಂದೊಂದೇ ಕೆಳಗೆ ಕೊಡುವಾಗ ಹಿಂಬದಿಯ ಅಚ್ಚು ನೋಡಿದೆ. ಕೆಲವದರಲ್ಲಿ ‘ಬಾಸೆಲ್ ಮಿಶನ್’ ಅಂತ, ಕೆಲವದರಲ್ಲಿ ‘ಕಾಮನ್‌ವೆಲ್ತ್’ ಅಂತ. ಅದೇ ಕೆಂಪು, ಅದೇ ಅಳತೆ. ಮಧ್ಯೆ ಇರುವುದು ಮೊದಲನೇ ಮಹಾಯುದ್ಧ.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು, 1894ರಲ್ಲಿ ಕಿಟ್ಟೆಲ್ ನಿಘಂಟು. ಇದೆಲ್ಲ ನಿಮಗೆ ಗೊತ್ತು. ಮಿಶನ್‌ನ ಕಚೇರಿ ಸ್ವಿಟ್ಜರ್‌ಲೆಂಡಿನಲ್ಲಿ, ಆದರೆ ಬಂದ ಪಾದ್ರಿಗಳಲ್ಲಿ ಜಾಸ್ತಿ ಜನ ಜರ್ಮನರು. 1914ರಲ್ಲಿ ಯುದ್ಧ ಶುರುವಾದ ಕೂಡಲೇ ಅವರು ‘ಶತ್ರು ದೇಶದವರು’ ಆಗಿಬಿಟ್ಟರು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಕಾರ್ಖಾನೆ, ನೇಯ್ಗೆ, ವ್ಯಾಪಾರ ಎಲ್ಲ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು.

ದೀಕ್ಷಾಸ್ನಾನ ಕೊಟ್ಟವರು, ಮದುವೆ ಮಾಡಿಸಿದವರು ಒಂದು ದಿನ ಶತ್ರುಗಳು. ಅವರನ್ನು ಹಿಡಿದುಕೊಂಡು ಹೋದವರೂ ಕ್ರೈಸ್ತರೇ. ‘ನಮ್ಮ ಕಡೆಗೆ ಜಯ’ ಅಂದರೆ ಆ ಭಾನುವಾರ ಮಂಗಳೂರಿನ ಒಬ್ಬ ಕನ್ನಡ ಕ್ರೈಸ್ತನಿಗೆ ಯಾವ ಕಡೆ?

ಇನ್ನೊಂದು. ಸೈನಿಕರ ಖಾಕಿ ಬಣ್ಣ ಹುಟ್ಟಿದ್ದೇ ಬಾಸೆಲ್ ಮಿಶನ್‌ನ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಅನ್ನುವವರ ಕೈಯಲ್ಲಿ ಅಂತ ನಮ್ಮಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಸುವಾರ್ತೆ ಸಾರಲು ಬಂದವರು ಸೈನ್ಯಕ್ಕೆ ಬಣ್ಣ ಕೊಟ್ಟರು ನೋಡಿ.

ನಿವೃತ್ತ ಹವಾಲ್ದಾರ್:
ಖಾಕಿ ವಿಷಯದಲ್ಲಿ ಒಂದು ತಿದ್ದುಪಡಿ. ಪೆಶಾವರದ ಕಡೆ ಬ್ರಿಟಿಷರ ಗೈಡ್ಸ್ ಪಡೆಯವರು 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕುತ್ತಿದ್ದರು. ಖಾಕ್ ಅಂದರೇ ಧೂಳು. ಮಂಗಳೂರಿನವರು ಗಟ್ಟಿ ಬಣ್ಣ ಕಂಡುಹಿಡಿದಿರಬಹುದು, ಖಾಕಿಯನ್ನೇ ಕಂಡುಹಿಡಿದರು ಅನ್ನುವುದು ಸ್ವಲ್ಪ ಜಾಸ್ತಿ ಆಯಿತು.

ಈಗ ವಿಷಯಕ್ಕೆ. ನಾನು 24 ವರ್ಷ ಸೇವೆ ಮಾಡಿದವನು, ಕ್ರೈಸ್ತ. ನಮ್ಮಲ್ಲಿ ‘ಸರ್ವ ಧರ್ಮ ಸ್ಥಳ’ ಅಂತ ಇರುತ್ತದೆ. ಒಂದೇ ಸೂರಿನಡಿ ಮಂದಿರ, ಗುರುದ್ವಾರ, ಮಸೀದಿ, ಚರ್ಚು. ಸೈನ್ಯದಲ್ಲಿ ಧರ್ಮಗುರುಗಳೂ ಇರುತ್ತಾರೆ. ಗಡಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಪಾದ್ರಿ ಒಮ್ಮೆಯೂ ಜಯ ಅಂತ ಬೇಡಲಿಲ್ಲ. ‘ಕರ್ತನೇ, ಇವರನ್ನು ಇವರ ತಾಯಂದಿರ ಹತ್ತಿರ ವಾಪಸ್ ಕರೆದುಕೊಂಡು ಬಾ’ ಅನ್ನುತ್ತಿದ್ದರು. ಪಕ್ಕದಲ್ಲಿ ಸರ್ದಾರ್ಜಿಗಳೂ ನಿಂತು ಕೇಳುತ್ತಿದ್ದರು. ಜಯ ಗಿಯ ಎಲ್ಲ ಟೀವಿ ನೋಡುವವರ ಮಾತು. ಗುಂಡಿನ ಸದ್ದು ಕೇಳಿದವನು ಮೊದಲು ಬದುಕಿ ಬರಬೇಕು ಅಂತಾನೆ ಬೇಡುವುದು.

ಹಾಗಂತ ಬಂದೂಕು ಮುಟ್ಟುವುದೇ ಪಾಪ ಅಂದರೆ ನಾನು ಒಪ್ಪುವುದಿಲ್ಲ. ಯಾರೋ ಒಬ್ಬರು ಗಡಿಯಲ್ಲಿ ನಿಂತಿದ್ದಕ್ಕೆ ನೀವು ಬೆಂಚಿನಲ್ಲಿ ಕೂತು ಸಮಾಧಾನ ಅನ್ನುತ್ತಿದ್ದೀರಿ.

ಕೃಷ್ಣೆಯ ಆಚೆ:
ಹವಾಲ್ದಾರ್ ಸರ್, ನಮಸ್ಕಾರ. ಮುಟ್ಟುವುದೇ ಪಾಪ ಅಂತ ನಂಬಿದ ಸಭೆಗಳೂ ಇವೆ. ನಮ್ಮ ತಾಯಿ ಕಡೆಯವರು ಮಹಬೂಬ್‌ನಗರದ ಮೆನ್ನೊನೈಟರು. ರಾಯಚೂರಿನಿಂದ ದೂರ ಏನಲ್ಲ.

ಮೆನ್ನೊನೈಟರು, ಕ್ವೇಕರರು, ಬ್ರೆದರನ್ ಸಭೆಯವರು ನೂರಾರು ವರ್ಷದಿಂದ ಸೈನ್ಯಕ್ಕೆ ಸೇರುವುದಿಲ್ಲ ಅಂತ ಹಟ ಹಿಡಿದವರು. ಸುಮ್ನೆ ಮನೆಯಲ್ಲಿ ಕೂತವರಲ್ಲ. 1914ರಲ್ಲೇ ಕ್ವೇಕರ್ ಹುಡುಗರು ಆಂಬುಲೆನ್ಸ್ ಪಡೆ ಕಟ್ಟಿಕೊಂಡು ಯುದ್ಧದ ಸಾಲಿಗೇ ಹೋದರು. 1916ರಲ್ಲಿ ಬ್ರಿಟನ್‌ನಲ್ಲಿ ಕಡ್ಡಾಯ ಸೇರ್ಪಡೆ ಬಂದಾಗ ಬೇರೆ ಬೇರೆ ಕಾರಣಕ್ಕೆ ಆಗಲ್ಲ ಅಂದವರು ಸುಮಾರು 16,000. ಅವರಲ್ಲಿ 35 ಜನರನ್ನು ಫ್ರಾನ್ಸಿಗೆ ಸಾಗಿಸಿ ಮರಣದಂಡನೆ ಅಂತ ಓದಿ ಹೇಳಿದರು. ಓದಿ, ಸ್ವಲ್ಪ ಹೊತ್ತು ಬಿಟ್ಟು, ಹತ್ತು ವರ್ಷ ಕಠಿಣ ಶಿಕ್ಷೆಗೆ ಇಳಿಸಿದ್ದೇವೆ ಅಂದರು. ಆ ‘ಸ್ವಲ್ಪ ಹೊತ್ತು’ ಹೇಗಿದ್ದಿರಬಹುದು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ.

ಎರಡನೇ ಯುದ್ಧದಲ್ಲಿ ಅಮೆರಿಕದಲ್ಲಿ ಸುಮಾರು 12,000 ಜನ ಬಂದೂಕಿನ ಬದಲು ಕಾಡು, ಹೊಲ, ಮಾನಸಿಕ ಆಸ್ಪತ್ರೆಗಳಲ್ಲಿ ಸಂಬಳ ಇಲ್ಲದೆ ದುಡಿದರು. ಅವರಲ್ಲೇ 36 ಜನ ಮಿನಿಸೋಟದಲ್ಲಿ ಆರು ತಿಂಗಳು ಅರೆಹೊಟ್ಟೆ ಉಪವಾಸಕ್ಕೆ ಒಪ್ಪಿಕೊಂಡರು. ಯುದ್ಧ ಮುಗಿದ ಮೇಲೆ ಹಸಿದು ಬತ್ತಿಹೋದ ಜನರಿಗೆ ಹೇಗೆ ಊಟ ಕೊಡಬೇಕು ಅಂತ ವೈದ್ಯರು ತಿಳಿಯಲಿ ಅಂತ. ಎಲುಬು ಎಣಿಸಬಹುದಾದ ಅವರ ಫೋಟೋಗಳಿವೆ, ಹುಡುಕಿ ನೋಡಿ.

ಇಷ್ಟೆಲ್ಲ ಹೇಳಿ ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ನಮ್ಮ ಮಾವನಿಗೆ ‘ನಮ್ಮ ಸಭೆ ಯುದ್ಧ ಬೇಡ ಅನ್ನುತ್ತದಂತೆ’ ಅಂದರೆ, ‘ಹೌದಾ? ಯಾರು ಹೇಳಿದ್ದು?’ ಅಂದರು. ಅವರ ಮಗ ಪೊಲೀಸ್ ಕಾನ್‌ಸ್ಟೇಬಲ್.

ನಿವೃತ್ತ ಹವಾಲ್ದಾರ್:
ಬಂದೂಕು ಮುಟ್ಟದೆ ಯುದ್ಧಕ್ಕೆ ಹೋದವನಿಗೆ ಸಲ್ಯೂಟ್. ಡೆಸ್ಮಂಡ್ ಡಾಸ್ ಅಂತ ಅಮೆರಿಕ ಸೈನ್ಯದಲ್ಲಿದ್ದ ಒಬ್ಬ ಅಡ್ವೆಂಟಿಸ್ಟ್ ಸಭೆಯವ. 1945ರಲ್ಲಿ ಒಕಿನಾವದಲ್ಲಿ ಬರಿಗೈಯಲ್ಲಿ ಸುಮಾರು 75 ಗಾಯಾಳುಗಳನ್ನು ಬಂಡೆಯ ಮೇಲಿನಿಂದ ಹಗ್ಗ ಕಟ್ಟಿ ಇಳಿಸಿದ. ಅಂಥವನು ನನ್ನ ಪಕ್ಕ ಇದ್ದರೆ ಬೇಡ ಅನ್ನುತ್ತಿದ್ದೆನಾ?

ಸುಮ್ನೆ ಓದುಗ:
ಒಳ್ಳೆಯ ಕಥೆಗಳು. ಆದರೆ ಕ್ರುಸೇಡ್ ಮಾಡಿದವರೂ ನೀವೇ. ಎರಡೂ ಮಹಾಯುದ್ಧಗಳಲ್ಲಿ ಹೆಚ್ಚುಕಮ್ಮಿ ಕ್ರೈಸ್ತರೇ ಕ್ರೈಸ್ತರನ್ನು ಕೊಂದದ್ದು. ಹತ್ತು ಜನ ಹಟಮಾರಿಗಳನ್ನು ತೋರಿಸಿದರೆ ಲೆಕ್ಕ ಸರಿಹೋಗುತ್ತಾ?

ರೈನ್ ದಂಡೆ:
ಹೋಗುವುದಿಲ್ಲ. ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ‘ದೇವರು ನಮ್ಮೊಂದಿಗಿದ್ದಾನೆ’ ಅಂತ ಕೊರೆದಿರುತ್ತಿತ್ತು. ಅದು ಇಮ್ಮಾನುವೇಲ್ ಅನ್ನುವ ಹೆಸರಿನದ್ದೇ ಅರ್ಥ, ಕ್ರಿಸ್‌ಮಸ್ಸಿಗೆ ನಾವು ಹಾಡುವುದು. ಈ ಕಡೆ ಲಂಡನ್ನಿನ ಬಿಷಪ್ ವಿನ್ನಿಂಗ್ಟನ್ ಇಂಗ್ರಾಮ್ 1915ರಲ್ಲಿ ಜರ್ಮನರನ್ನು, ಒಳ್ಳೆಯವರನ್ನೂ ಸೇರಿಸಿ, ಕೊಲ್ಲಬೇಕು ಅಂತ ಪ್ರಸಂಗ ಮಾಡಿದರು. ಆ ಕಡೆ 1914ರ ಅಕ್ಟೋಬರಿನಲ್ಲಿ 93 ಜರ್ಮನ್ ವಿದ್ವಾಂಸರು ತಮ್ಮ ಸೈನ್ಯವನ್ನು ಸಮರ್ಥಿಸಿ ಹೇಳಿಕೆ ಕೊಟ್ಟರು. ಅದರಲ್ಲಿ ದೊಡ್ಡ ದೇವಶಾಸ್ತ್ರಿ ಹಾರ್ನಾಕ್ ಅವರ ಸಹಿಯೂ ಇತ್ತು. ಕಾರ್ಲ್ ಬಾರ್ಟ್ ಆಗ ಸ್ವಿಸ್ ಹಳ್ಳಿಯೊಂದರಲ್ಲಿ ಸಭಾಪಾಲಕ, ಇದೇ ಬಾಸೆಲ್ ಊರಿನಲ್ಲಿ ಹುಟ್ಟಿದವರು. ತನಗೆ ಪಾಠ ಹೇಳಿದ ಗುರುಗಳ ಹೆಸರುಗಳನ್ನು ಆ ಪಟ್ಟಿಯಲ್ಲಿ ನೋಡಿ, ಇವರಿಂದ ಕಲಿತದ್ದರಲ್ಲೇ ಏನೋ ದೋಷ ಇದೆ ಅಂತ ಅವರಿಗೆ ಅನಿಸಿತು. 20 ವರ್ಷ ಆದ ಮೇಲೆ, 1934ರಲ್ಲಿ, ಹಿಟ್ಲರನಿಗೆ ತಲೆಬಾಗಿದ ಚರ್ಚಿನ ವಿರುದ್ಧ ಬಾರ್ಮೆನ್ ಘೋಷಣೆಯ ಕರಡು ಬರೆದದ್ದು ಹೆಚ್ಚಾಗಿ ಅವರೇ.

ಎದುರು ಕಡೆಯವರ ಪಾಪ ಹೇಳಲು ಧೈರ್ಯ ಬೇಡ. ಲಂಡನ್ ಬಿಷಪ್ಪರಿಗೂ ಅದು ಬರುತ್ತಿತ್ತು. ಸ್ವಂತ ಕಡೆಯವರಿಗೆ ಹೇಳಿದವರನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಇಂಗ್ಲೆಂಡಿನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರವರಿಯಲ್ಲಿ, ಅಂದರೆ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಸಂಸತ್ತಿನಲ್ಲಿ ಎದ್ದುನಿಂತು ಜರ್ಮನಿಯ ಊರುಗಳಿಗೆ ಊರುಗಳನ್ನೇ ಬಾಂಬ್ ಹಾಕಿ ಸುಡುವುದು ಸರಿಯಲ್ಲ ಅಂದರು. ಇಂಗ್ಲೆಂಡಿನ ಸಭೆಯ ಅತಿ ದೊಡ್ಡ ಪದವಿಯಾದ ಕ್ಯಾಂಟರ್ಬರಿಯ ಪೀಠ ಅವರಿಗೆ ತಪ್ಪಿದ್ದು ಇದೇ ಬಾಯಿಯಿಂದ ಅಂತ ಎಷ್ಟೋ ಜನ ಹೇಳುತ್ತಾರೆ.

ಘಟ್ಟದ ಕೆಳಗಿನವ:
ಆಸ್ಟ್ರಿಯದ ರೈತ ಫ್ರಾಂಜ್ ಯೇಗರ್‌ಸ್ಟೆಟರ್ ಅವರನ್ನೂ ಸೇರಿಸಿ. ಹಿಟ್ಲರನ ಸೈನ್ಯದಲ್ಲಿ ಹೋರಾಡುವುದಿಲ್ಲ ಅಂದರು. ಮೂರು ಹೆಣ್ಣುಮಕ್ಕಳ ತಂದೆ. ಸ್ವಂತ ಬಿಷಪ್ಪರೇ ‘ಹೆಂಡತಿ ಮಕ್ಕಳ ಮುಖ ನೋಡು’ ಅನ್ನುವ ಹಾಗೆ ಬುದ್ಧಿ ಹೇಳಿ ಕಳಿಸಿದರು. 1943ರ ಆಗಸ್ಟ್ 9ರಂದು ತಲೆ ಕಡಿದರು. ಯುದ್ಧ ಮುಗಿದ ಮೇಲೂ ಊರವರು ಅವರನ್ನು ಹುಚ್ಚ ಅಂತಲೇ ಅಂದುಕೊಂಡಿದ್ದರು. 2007ರಲ್ಲಿ ಚರ್ಚು ಧನ್ಯರು ಅಂತ ಘೋಷಿಸಿದಾಗ ಹೆಂಡತಿ ಫ್ರಾನ್ಸಿಸ್ಕಾ ಅಲ್ಲೇ ಕೂತಿದ್ದರು, 94 ವರ್ಷ. ನಮ್ಮ ಚರ್ಚಿನ ರೀತಿಯೇ ಇದು. ಬದುಕಿದ್ದಾಗ ಬುದ್ಧಿ ಹೇಳುತ್ತದೆ, ಸತ್ತು 64 ವರ್ಷಕ್ಕೆ ಹಾರ ಹಾಕುತ್ತದೆ.

ಕೋಲಾರದ ಕಡೆಯವ:
ದೂರದ ಯುದ್ಧದ ಮಾತು ಎಲ್ಲರಿಗೂ ಸುಲಭ. ‘ಸ್ವಂತ ಕಡೆಯವರಿಗೆ ಹೇಳುವುದು’ ಅಂದಿರಲ್ಲ, ಅದನ್ನೇ ನಮ್ಮ ಮನೆಯೊಳಗೆ ತರುತ್ತೇನೆ.

ನಾನು ದಲಿತ ಕ್ರೈಸ್ತ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದರೆ ಎಸ್.ಸಿ. ಸವಲತ್ತು ಇಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮನ್ನಿಲ್ಲ. ಪ್ರತಿ ವರ್ಷ ಆಗಸ್ಟ್ 10ರಂದು ಚರ್ಚುಗಳು ‘ಕಪ್ಪು ದಿನ’ ಆಚರಿಸುತ್ತವೆ. ಬ್ಯಾನರ್, ಮೆರವಣಿಗೆ, ಬಿಷಪ್ಪರ ಭಾಷಣ. ಎಲ್ಲ ಸರಿ, ನಾನೂ ಹೋಗುತ್ತೇನೆ. ಅದು ಸರ್ಕಾರದ ವಿರುದ್ಧ.

ಆದರೆ ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ಜಾತಿಯ ಗೋಡೆ ಎಬ್ಬಿಸಿದ್ದು ಸರ್ಕಾರ ಅಲ್ಲ. ನಮ್ಮೂರಿನಲ್ಲಿ ಗೋಡೆ ಇಲ್ಲ. ಒಂದು ಸೀಬೆ ಮರ ಇದೆ. ಮರದ ಆಚೆ ಅವರು, ಈಚೆ ನಾವು. ಯಾರೂ ಬರೆದಿಟ್ಟಿಲ್ಲ, ಗುಂಡಿ ತೋಡುವವನಿಗೆ ಮಾತ್ರ ಸರಿಯಾಗಿ ಗೊತ್ತು. ನಮ್ಮ ತಂದೆಯನ್ನು ಹೂಳುವ ದಿನ ಮಳೆ. ಈ ಕಡೆ ನೀರು ನಿಂತಿತ್ತು, ಆ ಕಡೆ ಒಣಗಿತ್ತು. ನೀರು ಮೊಗೆದು ಮೊಗೆದು ಈ ಕಡೆಯೇ ಹೂತೆವು. ಸಮಾಧಾನಕ್ಕಾಗಿ ಬೇಡಿಕೊಳ್ಳೋಣ ಅಂತ ಆ ದಿನವೂ ಓದಿದರು.

ಬೆತ್ತದ ಬುಟ್ಟಿ:
ಅಣ್ಣಾ, ಇದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಓದಿದೆ.

ಸುಮ್ನೆ ಓದುಗ:
ನಾನೂ. ನಮ್ಮಲ್ಲಿ ಮರ ಅಲ್ಲ, ಊರೇ ಎರಡು ಭಾಗ. ಕೊಂಕು ಮಾತಾಡಲು ಬಂದಿದ್ದೆ, ಈಗ ಬಾಯಿ ಬರುತ್ತಿಲ್ಲ.

ನಾಲ್ಕನೇ ಬೆಂಚು:
ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರ ವಿಷಯ ಯಾರೂ ತೆಗೆಯಲಿಲ್ಲ. ಅವರು ಕ್ರೈಸ್ತರೇ ಅಲ್ಲ ಅಂತ ನಮ್ಮಲ್ಲಿ ವಾದ ಇದೆ, ಇರಲಿ. ಹಿಟ್ಲರನ ಸೈನ್ಯಕ್ಕೆ ಸೇರುವುದಿಲ್ಲ ಅಂತ ನೂರಾರು ಜನ ಕತ್ತು ಕೊಟ್ಟರು. ಇಲ್ಲಿ ಕೇರಳದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲ ಅಂತ ಮೂರು ಮಕ್ಕಳನ್ನು ಶಾಲೆಯಿಂದ ತೆಗೆದಾಗ 1986ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ನಮ್ಮ ದೊಡ್ಡ ಸಭೆಗಳು ಅವರ ಮನೆ ಬಾಗಿಲು ತಟ್ಟುವ ಅಭ್ಯಾಸ ನೋಡಿ ನಗುವುದಷ್ಟೇ.

ನಿವೃತ್ತ ಹವಾಲ್ದಾರ್:
ಎಲ್ಲರೂ ಚರ್ಚನ್ನು ಬೈದಾಯಿತು. ನಾನು ಕಣ್ಣಾರೆ ನೋಡಿದ ಒಂದನ್ನು ಹೇಳುತ್ತೇನೆ.

ನಾನು ನಾಗಾಲ್ಯಾಂಡಿನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಊರಿಗೆ ಒಂದು ಬ್ಯಾಪ್ಟಿಸ್ಟ್ ಚರ್ಚು, ಊರಿನ ಎತ್ತರದ ಜಾಗದಲ್ಲಿ. ನಾವು ಯೂನಿಫಾರಂ ತೊಟ್ಟವರು, ಅವರಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ತಪ್ಪೂ ಅಲ್ಲ, ಅವರು ಕಂಡದ್ದು ಹಾಗಿದೆ. ಒಂದು ಭಾನುವಾರ ನಾನು ಸಿವಿಲ್ ಬಟ್ಟೆಯಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬೂಟು ನೋಡಿಯೇ ಗೊತ್ತಾಗಿರಬೇಕು. ಇಡೀ ಬೆಂಚು ಖಾಲಿ ಆಯಿತು. ಆರಾಧನೆ ಮುಗಿದ ಮೇಲೆ ಒಬ್ಬರು ವಯಸ್ಸಾದ ಪಾಸ್ಟರ್ ಬಂದು ಪಕ್ಕದಲ್ಲಿ ಕೂತು, ಹಾಲು ಹಾಕದ ಚಹಾ ತರಿಸಿಕೊಟ್ಟು, ‘ನಿಮ್ಮ ಊರಲ್ಲಿ ಯಾವ ಭಾಷೆಯಲ್ಲಿ ಹಾಡುತ್ತೀರಿ’ ಅಂತ ಕೇಳಿದರು. ಒಂದು ಕನ್ನಡ ಕೀರ್ತನೆಯ ಎರಡು ಸಾಲು ಹಾಡಿಸಿದರು.

1964ರ ವಿಷಯ ಅವರಿಂದಲೇ ಕೇಳಿದ್ದು. ಭಾರತ ಸೈನ್ಯಕ್ಕೂ ನಾಗಾ ಹೋರಾಟಗಾರರಿಗೂ ವರ್ಷಗಟ್ಟಲೆ ಗುಂಡಿನ ಕಾಳಗ. ಬ್ಯಾಪ್ಟಿಸ್ಟ್ ಸಭೆಗಳು ವೋಖಾದಲ್ಲಿ ಸೇರಿ ಒಂದು ಶಾಂತಿ ತಂಡ ಆಗಬೇಕು ಅಂತ ತೀರ್ಮಾನ ಮಾಡಿದವು. ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿಮಲ ಪ್ರಸಾದ ಚಲಿಹಾ, ಇಂಗ್ಲಿಷ್ ಪಾದ್ರಿ ಮೈಕೆಲ್ ಸ್ಕಾಟ್ ಈ ಮೂವರನ್ನು ಒಪ್ಪಿಸಿದರು. ಆ ವರ್ಷ ಸೆಪ್ಟೆಂಬರ್ 6ರಂದು ಗುಂಡು ನಿಂತಿತು. ಚರ್ಚು ಗಂಟೆಗಳು ಬಾರಿಸಿದವು ಅಂತ ಪಾಸ್ಟರ್ ಹೇಳಿದರು. ಉಳಿಯಲಿಲ್ಲ, ನಿಜ. 1966ಕ್ಕೆ ಸ್ಕಾಟರನ್ನು ದೇಶದಿಂದ ಕಳಿಸಿದರು, ತಂಡವೂ ಮುರಿಯಿತು. ಆದರೆ ಆ ಹೊತ್ತಿನಲ್ಲಿ ಬದುಕಿ ಉಳಿದವರಲ್ಲಿ ನಮ್ಮ ಹುಡುಗರೂ ಇದ್ದರು, ಅವರ ಹುಡುಗರೂ ಇದ್ದರು.

ಬೆತ್ತದ ಬುಟ್ಟಿ ಅವರೇ, ನಿಮ್ಮ ಹಿರಿಯರನ್ನು ಒಮ್ಮೆ ಹೋಗಿ ಮಾತಾಡಿಸಿ. ಇಲ್ಲಿ ನಮ್ಮ ಜೊತೆ ಮಾತಾಡಿ ಏನು ಬಂತು?

ನಿರ್ವಾಹಕ:
ಮಣಿಪುರದ ಬಗ್ಗೆ ಬಂದಿದ್ದ ಮೂರು ಕಾಮೆಂಟ್ ತೆಗೆದಿದ್ದೇನೆ. ಒಂದು ಜನಾಂಗವನ್ನೇ ಬೈಯುವುದು ಇಲ್ಲಿ ನಡೆಯುವುದಿಲ್ಲ. ಅಲ್ಲಿ ಕುಕಿ ಕ್ರೈಸ್ತರ ಚರ್ಚುಗಳೂ ಸುಟ್ಟವು, ಮೈತೇಯಿ ಕ್ರೈಸ್ತರ ಚರ್ಚುಗಳೂ ಸುಟ್ಟವು. ಅದರ ಬಗ್ಗೆ ಬೇರೆ ಚರ್ಚೆ ತೆರೆಯಿರಿ.

ಬೆತ್ತದ ಬುಟ್ಟಿ:
ಹವಾಲ್ದಾರ್ ಸರ್, ಹೋಗಿದ್ದೆ. ನಿನ್ನೆ ಸಂಜೆ.

ಮನೆಯಲ್ಲಿ ಒಬ್ಬರೇ ಇದ್ದರು. ಕಾಗದ ತೋರಿಸಿದೆ. ಅವರಿಗೆ ನೆನಪೇ ಇರಲಿಲ್ಲ, ಅಥವಾ ಇಲ್ಲದ ಹಾಗೆ ಮಾಡಿದರು. ಕಾಫಿ ಕೊಟ್ಟರು. ಆಮೇಲೆ ಒಳಗಿನಿಂದ ಒಂದು ಫೋಟೋ ತಂದರು. ಕಪ್ಪು ಬಿಳುಪು, ಮೂಲೆ ಗೆದ್ದಲು ತಿಂದಿದೆ. ಅವರ ತಮ್ಮ. 1971ರ ಡಿಸೆಂಬರಿನಲ್ಲಿ ಹೋದವನು, 22 ವರ್ಷ. ಆ ಮನೆಗೆ ನಾನು ಚಿಕ್ಕಂದಿನಿಂದ ಹೋಗುತ್ತಿದ್ದೇನೆ, ತಮ್ಮ ಇದ್ದ ಅಂತಲೇ ಗೊತ್ತಿರಲಿಲ್ಲ. ‘ಜಯ ಬಂತು ಅಂತ ಊರೆಲ್ಲ ಸಿಹಿ ಹಂಚಿದ ದಿನ ನಮ್ಮ ಮನೆಗೆ ತಂತಿ ಬಂತು’ ಅಂದರು. ಜಯವೂ ಬೇಡ ಅಂದುಬಿಟ್ಟರೆ ಅವನು ಯಾಕೆ ಹೋದ ಹಾಗಾಯಿತು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊರಡುವಾಗ ನಾನು ಕೇಳಿದೆ, ಬರುವ ಭಾನುವಾರ ಮತ್ತೆ ನನ್ನ ಸರದಿ, ಸಮಾಧಾನ ಅಂತ ಓದಲಾ ಅಂಕಲ್ ಅಂತ. ‘ಓದು’ ಅಂದರು. ‘ಎರಡೂ ಕಡೆ ಅಂತ ಮಾತ್ರ ಬರೆಯಬೇಡ. ಬರೆದರೆ ಬೇಡ ಅನ್ನುವುದಿಲ್ಲ. ನನ್ನ ಬಾಯಲ್ಲಿ ಆಮೆನ್ ಬರುವುದಿಲ್ಲ, ಅಷ್ಟೇ.’

ಬರೆದಿದ್ದೇನೆ. ಅವರ ತಮ್ಮನ ಹೆಸರನ್ನೂ ಬರೆದಿದ್ದೇನೆ. ಓದಲು ಇನ್ನೂ ಎರಡು ದಿನ ಇದೆ.

ಕೋಲಾರದ ಕಡೆಯವ:
ಓದಿದ ಮೇಲೆ ಬಂದು ಹೇಳಿ ಅಕ್ಕ.